ಕಲಿಯುವುದನ್ನು ನಿಲ್ಲಿಸದ ಡಾಕ್ಟರ್

ಸರ್ ಜೇಮ್ಸ್ ಮೆಕೆಂಜಿ ಅವರು 1853ರಲ್ಲಿ ಸ್ಕಾಟ್ಲೆಂಡಿನ ಸ್ಕೋನ್ ಎಂಬಲ್ಲಿ ರೈತರ ಮನೆಯಲ್ಲಿ ಹುಟ್ಟಿದರು. ಹದಿನೈದನೇ ವಯಸ್ಸಿಗೆ ಶಾಲೆ ಬಿಟ್ಟು ಔಷಧಿ ಅಂಗಡಿಯಲ್ಲಿ ಕೆಲಸ ಕಲಿತರು. ಆಮೇಲೆ ಎಡಿನ್‌ಬರೋದಲ್ಲಿ ಓದಿ 1878ರಲ್ಲಿ ಡಾಕ್ಟರ್ ಆದರು. ಮರುವರ್ಷ ಇಂಗ್ಲೆಂಡಿನ ಬರ್ನ್‌ಲಿಗೆ ಹೋದರು. ಅದು ಹತ್ತಿ ಗಿರಣಿಗಳ ಊರು. ಅಲ್ಲಿ ಜ್ವರ, ಕೆಮ್ಮು, ಹೆರಿಗೆ ಎಲ್ಲವನ್ನೂ ನೋಡುವ ಸಾಮಾನ್ಯ ವೈದ್ಯರಾಗಿ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ದುಡಿದರು.

ಒಮ್ಮೆ ಹೃದಯ ರೋಗವಿದ್ದ ಒಬ್ಬ ಯುವತಿ ಹೆರಿಗೆಯ ವೇಳೆ ಅವರ ಕಣ್ಣೆದುರೇ ತೀರಿಕೊಂಡಳು. ಆಕೆಯ ಹೃದಯ ಹೆರಿಗೆಯನ್ನು ತಾಳುತ್ತದೆಯೋ ಇಲ್ಲವೋ ಎಂದು ಮೊದಲೇ ತಿಳಿಯುವುದು ಹೇಗೆ? ಪುಸ್ತಕಗಳಲ್ಲಿ ಉತ್ತರ ಸಿಗಲಿಲ್ಲ. ಹಾಗಾದರೆ ರೋಗಿಗಳಿಂದಲೇ ಕಲಿಯಬೇಕು ಎಂದು ಅವರು ತೀರ್ಮಾನಿಸಿದರು.

ನಾನು ಕಾಮರ್ಸ್ ವಿದ್ಯಾರ್ಥಿನಿ. ಅವರು ಮಾಡಿದ ಕೆಲಸ ನನಗೆ ಲೆಡ್ಜರ್ ಬರೆದ ಹಾಗೆ ಕಾಣುತ್ತದೆ. ಒಬ್ಬೊಬ್ಬ ರೋಗಿಗೂ ಒಂದು ಖಾತೆ ಇಟ್ಟಂತೆ, ನಾಡಿ ಹೇಗಿತ್ತು, ಮುಂದೆ ಏನಾಯಿತು ಎಂದು ವರ್ಷಗಟ್ಟಲೆ ಬರೆದಿಟ್ಟರು. ಕೈಯ ನಾಡಿ ಮತ್ತು ಕುತ್ತಿಗೆಯ ರಕ್ತನಾಳದ ಮಿಡಿತ ಎರಡನ್ನೂ ಒಟ್ಟಿಗೆ ಕಾಗದದ ಮೇಲೆ ಶಾಯಿಯಲ್ಲಿ ಬರೆಯುವ ಪಾಲಿಗ್ರಾಫ್ ಎಂಬ ಯಂತ್ರವನ್ನು ಗಡಿಯಾರ ಮಾಡುವವರೊಬ್ಬರ ಸಹಾಯದಿಂದ ತಯಾರಿಸಿದರು.

ಆ ಕಾಲದಲ್ಲಿ ನಾಡಿ ತಪ್ಪಿ ಬಡಿದರೆ ಸಾಕು, ಎಷ್ಟೋ ಜನರನ್ನು ಸುಮ್ಮನೆ ಹಾಸಿಗೆಯಲ್ಲಿ ಮಲಗಿಸುತ್ತಿದ್ದರು. ಎಲ್ಲಾ ತಪ್ಪು ಬಡಿತವೂ ಅಪಾಯವಲ್ಲ, ಕೆಲವು ಮಾತ್ರ ಅಪಾಯ ಎಂದು ಮೆಕೆಂಜಿ ತೋರಿಸಿಕೊಟ್ಟರು. 1902ರಲ್ಲಿ ನಾಡಿಯ ಬಗ್ಗೆ, 1908ರಲ್ಲಿ ಹೃದಯ ರೋಗಗಳ ಬಗ್ಗೆ ಅವರ ಪುಸ್ತಕಗಳು ಬಂದವು. 1907ರಲ್ಲಿ ಲಂಡನ್‌ಗೆ ಹೋಗಿ ದೊಡ್ಡ ಹೆಸರು ಮಾಡಿದರು. 1915ರಲ್ಲಿ ಸರ್ ಪದವಿ ಬಂತು.

ಆದರೂ ಅವರಿಗೆ ಸಮಾಧಾನವಿರಲಿಲ್ಲ. ದೊಡ್ಡ ಆಸ್ಪತ್ರೆಗೆ ರೋಗಿ ಬರುವಷ್ಟರಲ್ಲಿ ರೋಗ ಬಲಿತಿರುತ್ತದೆ, ಅದರ ಆರಂಭ ಕಾಣುವುದು ಊರಿನ ಡಾಕ್ಟರಿಗೆ ಮಾತ್ರ ಎಂಬುದು ಅವರ ನಂಬಿಕೆ. ಅದಕ್ಕೇ ಲಂಡನ್‌ನ ಸಂಪಾದನೆ ಬಿಟ್ಟು 1919ರಲ್ಲಿ ಸೇಂಟ್ ಆಂಡ್ರ್ಯೂಸ್‌ನಲ್ಲಿ ಒಂದು ಸಂಸ್ಥೆ ತೆರೆದರು. ಊರಿನ ಡಾಕ್ಟರುಗಳು ಅಲ್ಲಿ ಸೇರಿ ತಮ್ಮ ರೋಗಿಗಳನ್ನು ಪರೀಕ್ಷಿಸಿ, ದಾಖಲೆ ಇಟ್ಟು, ಚರ್ಚಿಸಿ ಕಲಿಯುತ್ತಿದ್ದರು. ಮೆಕೆಂಜಿ ಅವರಿಗೂ ಹೃದಯ ರೋಗವಿತ್ತು. 1925ರಲ್ಲಿ ಅವರು ತೀರಿಕೊಂಡ ಮೇಲೆ, ಅವರ ಇಚ್ಛೆಯಂತೆ ಜೊತೆಯ ಡಾಕ್ಟರುಗಳು ಅವರ ಹೃದಯವನ್ನೇ ಪರೀಕ್ಷಿಸಿ ಕಲಿತರು.

ನಮ್ಮ ದಾದಿ, ಅಂದರೆ ಅಬ್ಬಾ ಅವರ ತಾಯಿ, ಏನೇ ಆದರೂ ಮೊದಲು ಹೋಗುವುದು ಗಲ್ಲಿಯ ಡಾಕ್ಟರ್ ಹತ್ತಿರ. ನಿಮ್ಮ ಮನೆಯಲ್ಲೂ ಹಾಗೇ ಇರಬಹುದು. ಆ ಡಾಕ್ಟರ್ ಎಂದೋ ಓದಿದ್ದರಲ್ಲೇ ನಿಂತುಬಿಟ್ಟರೆ ನಷ್ಟ ನಮಗೇ. ನಮ್ಮ ದೇಶದ 2002ರ ವೈದ್ಯಕೀಯ ನಿಯಮಗಳು ಐದು ವರ್ಷಕ್ಕೆ 30 ಗಂಟೆಯಾದರೂ ಹೊಸದನ್ನು ಕಲಿಯಬೇಕೆಂದು ಡಾಕ್ಟರುಗಳಿಗೆ ಹೇಳುತ್ತವೆ. ನಾಳೆ ನಮ್ಮಲ್ಲಿ ಯಾರಾದರೂ ಸಿ.ಎ. ಆಗಿ ಕೆಲಸ ಮಾಡಿದರೆ ಅವರೂ ಇಂಥ ಗಂಟೆಗಳನ್ನು ತೋರಿಸಬೇಕು. ಮೆಕೆಂಜಿ ಅವರಿಗೆ ಯಾವ ನಿಯಮವೂ ಇರಲಿಲ್ಲ. ಒಬ್ಬ ತಾಯಿಯ ಸಾವೇ ಅವರನ್ನು ಕೊನೆಯವರೆಗೂ ವಿದ್ಯಾರ್ಥಿಯಾಗಿ ಇಟ್ಟಿತು.