ಸಾಲದ ಕಚೇರಿ ಕಟ್ಟಿದವನು

ಸರ್ಕಾರಿ ಸಾಲದ ಪಾಠ ಓದುತ್ತಾ ಹೋದಾಗ ತುರ್ಕಿಯ ಒಟ್ಟೋಮನ್ ಸಾಮ್ರಾಜ್ಯದ ಕಥೆ ಸಿಕ್ಕಿತು. ಅದರ ಬೆನ್ನು ಹತ್ತಿದರೆ ಅಲೆಕ್ಸಾಂಡರ್ ವಲೋರಿ ಸಿಕ್ಕಿದ. ಪರೀಕ್ಷೆಗೆ ಇವನು ಬರುವುದಿಲ್ಲ, ಆದರೂ ಬರೆಯುತ್ತಿದ್ದೇನೆ.

ವಲೋರಿ ಹುಟ್ಟಿದ್ದು 1850ರಲ್ಲಿ, ಇಸ್ತಾಂಬುಲ್‌ನಲ್ಲಿ. ತಂದೆ ಕೇಕು-ಪೇಸ್ಟ್ರಿ ಮಾಡುವುದರಲ್ಲಿ ಹೆಸರಾದವರು. ಅಪ್ಪನ ಸಣ್ಣ ಹೋಟೆಲಿನ ಗಲ್ಲಾ ಪಕ್ಕ ಕೂತು ಮಗ್ಗಿ ಕಲಿತ ನನಗೆ ಇಷ್ಟಕ್ಕೇ ಅವನು ನಮ್ಮವನೇ ಅನ್ನಿಸಿಬಿಟ್ಟ. ಪ್ಯಾರಿಸಿನಲ್ಲಿ ವಾಸ್ತುಶಿಲ್ಪ ಕಲಿತು ಬಂದವನು 1883ರಿಂದ 1908ರವರೆಗೆ ಇಸ್ತಾಂಬುಲ್‌ನ ಲಲಿತಕಲಾ ಶಾಲೆಯಲ್ಲಿ ಮೇಷ್ಟರಾಗಿದ್ದ. ಪುರಾತತ್ವ ಮ್ಯೂಸಿಯಂ, ಪೇರಾ ಪ್ಯಾಲೇಸ್ ಹೋಟೆಲು ಅವನ ಕೆಲಸವೇ. 1892ರ ಒಟ್ಟೋಮನ್ ಬ್ಯಾಂಕಿಗಂತೂ ಎರಡು ಮುಖ. ಬೀದಿಯ ಕಡೆ ಯುರೋಪಿನದು, ಹಿಂದೆ ಗೋಲ್ಡನ್ ಹಾರ್ನ್ ನೀರಿನ ಕಡೆ ಪೂರ್ವದೇಶದ್ದು. ಲೆಡ್ಜರಿನ ಡೆಬಿಟ್, ಕ್ರೆಡಿಟ್ ಇದ್ದ ಹಾಗೆ!

ಇನ್ನು ಸಾಲದ ಮಾತು. ಕ್ರಿಮಿಯನ್ ಯುದ್ಧದ ನಡುವೆ, 1854ರಲ್ಲಿ, ಸುಲ್ತಾನರ ಸರ್ಕಾರ ಮೊದಲ ಸಲ ವಿದೇಶಿ ಸಾಲ ಎತ್ತಿತು. ಆಮೇಲೆ ಸಾಲದ ಮೇಲೆ ಸಾಲ. 1875ರ ಹೊತ್ತಿಗೆ ಪೂರ್ತಿ ಬಡ್ಡಿ ಕಟ್ಟಲಿಕ್ಕೂ ಆಗಲಿಲ್ಲ. 1881ರಲ್ಲಿ ಉಪ್ಪು, ತಂಬಾಕು, ಸ್ಟಾಂಪು, ಮದ್ಯ, ಮೀನು, ರೇಷ್ಮೆ ಇವುಗಳ ಆದಾಯವನ್ನು ಸಾಲ ಕೊಟ್ಟವರ ಮಂಡಳಿಗೇ ಒಪ್ಪಿಸಬೇಕಾಯಿತು. ಏಳು ಜನರ ಮಂಡಳಿ, ಅಧ್ಯಕ್ಷಗಿರಿ ಮಾತ್ರ ಇಂಗ್ಲಿಷರು, ಫ್ರೆಂಚರು ಸರದಿ ಮೇಲೆ. ಬಡವನ ಅಡುಗೆಗೆ ಬಿದ್ದ ಉಪ್ಪಿನ ತೆರಿಗೆಯೂ ಹೊರಗಿನವರ ಬಡ್ಡಿಗೆ.

ಈ ಮಂಡಳಿಯ ಕಚೇರಿಯನ್ನು ಕಟ್ಟಿದವನು ವಲೋರಿ. 1897ರಲ್ಲಿ ಹಳೇ ಊರಿನ ದಿಬ್ಬದ ಮೇಲೆ, ಸಮುದ್ರ ಕಾಣುವ ಹಾಗೆ ಅದು ಎದ್ದು ನಿಂತಿತು. ಇಲ್ಲಿ ಯುರೋಪಿನ ಮುಖ ಇಡಲಿಲ್ಲ. ತುರ್ಕಿ ಮನೆಗಳಂತೆ ಮುಂದಕ್ಕೆ ಚಾಚಿದ ಅಗಲವಾದ ಸೂರು, ಕಮಾನುಗಳು, ಭಾರಿ ಹೆಬ್ಬಾಗಿಲು.

ಮೊದಲು ನನಗೆ ಸಿಟ್ಟೇ ಬಂತು. ನಮ್ಮ ಹೋಟೆಲಿಗೂ ಸಾಲ ಕೊಟ್ಟವರೊಬ್ಬರು ಬರುತ್ತಿದ್ದರು. ನಮ್ಮದೇ ಚಹಾ ಕುಡಿಯುತ್ತ, ನಮ್ಮದೇ ಭಾಷೆಯಲ್ಲಿ ನಗುತ್ತ, ಗಲ್ಲಾದಿಂದ ಎಣಿಸಿಕೊಂಡು ಹೋಗುತ್ತಿದ್ದರು. ಅಪ್ಪ ಆವಾಗ ತಲೆ ಎತ್ತುತ್ತಿರಲಿಲ್ಲ. ಈ ಕಟ್ಟಡದ್ದೂ ಅದೇ ವೇಷ ಅಲ್ವಾ ಅನ್ನಿಸಿತು. ಆದರೆ ವಲೋರಿ ಆ ಊರಲ್ಲೇ ಹುಟ್ಟಿದವನು. ಸಾಲ ಕೊಟ್ಟವರು ಒಂದು ದಿನ ಹೋಗುತ್ತಾರೆ, ಕಟ್ಟಡ ಊರಿಗೇ ಉಳಿಯುತ್ತದೆ ಅಂತ ಅವನಿಗೆ ಅನ್ನಿಸಿರಲಾರದೇ?

ಅವನು 1921ರಲ್ಲಿ ತೀರಿಕೊಂಡ. ಮರುವರ್ಷ ಸುಲ್ತಾನರ ಆಳ್ವಿಕೆಯೂ ಮುಗಿಯಿತು. 1933ರಲ್ಲಿ ಆ ಕಟ್ಟಡ ಹೈಸ್ಕೂಲಾಯಿತು. ಹಳೇ ಸಾಲದ ಕೊನೆಯ ಕಂತನ್ನು ತುರ್ಕಿ ಕಟ್ಟಿದ್ದು 1954ರಲ್ಲಿ. ಅಷ್ಟರಲ್ಲಿ ಅಲ್ಲಿ ಹುಡುಗರು ಪಾಠ ಓದಲು ಶುರುಮಾಡಿ 21 ವರ್ಷ ಆಗಿತ್ತು.