ಕಡಲ ನಡುವಿನ ಮುಯ್ಯಾಳುಗಳು

2019ರ ಸೆಪ್ಟೆಂಬರ್ ಮೊದಲ ವಾರ ನಾನು ಒಂದು ಪೆದ್ದು ಕೆಲಸ ಮಾಡಿದೆ. ಮಕ್ಕಳೇ, ಕತೆ ಅಲ್ಲಿಂದಲೇ ಶುರುವಾಗಲಿ.

ದಕ್ಷಿಣ ಫ್ಲೋರಿಡಾದ ನಮ್ಮ ಮನೆಗೂ ಬಹಾಮಾಸ್‌ನ ಅಬಾಕೊ ದ್ವೀಪಕ್ಕೂ ಬೆಂಗಳೂರಿಂದ ಹುಬ್ಬಳ್ಳಿಗೆ ಇರುವಷ್ಟೂ ದೂರವಿಲ್ಲ. ಆ ಸೆಪ್ಟೆಂಬರ್ 1ರಂದು ಡೋರಿಯನ್ ಎಂಬ ಚಂಡಮಾರುತ ಗಂಟೆಗೆ 295 ಕಿಲೋಮೀಟರ್ ವೇಗದ ಗಾಳಿಯೊಡನೆ ಅಬಾಕೊ ಮೇಲೆ ಎರಗಿತು. ಆಮೇಲೆ ಪಕ್ಕದ ಗ್ರ್ಯಾಂಡ್ ಬಹಾಮಾ ದ್ವೀಪಕ್ಕೆ ಹೋಗಿ, ಕರೆಯದೆ ಬಂದ ನೆಂಟರ ಹಾಗೆ ಒಂದು ದಿನಕ್ಕಿಂತ ಹೆಚ್ಚು ಹೊತ್ತು ಕದಲದೆ ಕೂತಿತು. ಟೀವಿಯಲ್ಲಿ ಅದನ್ನೆಲ್ಲ ನೋಡಿ ನನ್ನ ಹೊಟ್ಟೆ ಚುರುಕ್ಕೆಂದಿತು. ಕಪಾಟು ಬಗೆದು ಎರಡು ದೊಡ್ಡ ಚೀಲ ತುಂಬಿದೆ, ಹತ್ತಿರದ ಸಂಗ್ರಹ ಕೇಂದ್ರಕ್ಕೆ ಹೊತ್ತೊಯ್ದೆ. ಮೇಜಿನ ಹಿಂದೆ ಇಪ್ಪತ್ತರ ಆಸುಪಾಸಿನ ಹುಡುಗಿಯೊಬ್ಬಳು ನಿಂತಿದ್ದಳು. ಚೀಲ ಬಿಚ್ಚಿದಳು. ಸ್ವೆಟರ್. ಇನ್ನೊಂದು ಸ್ವೆಟರ್. ಉಣ್ಣೆ ಟೋಪಿ. ನಗು ತಡೆದುಕೊಂಡು, ಅಲ್ಲೀಗ ಮೂವತ್ತು ಡಿಗ್ರಿ ಮೇಲಿದೆ ಆಂಟಿ, ಸಾಧ್ಯವಾದರೆ ನಾಳೆ ಟಾರ್ಪಾಲು, ಟಾರ್ಚು, ಡೈಪರ್ ತನ್ನಿ ಅಂದಳು.

ಅವಳ ಅಂಗಿಯ ಮೇಲೆ ಹಲ್ಲಿನ ಗಾಲಿಯ ಚಿತ್ರವಿತ್ತು. ಜಮೈಕಾದಲ್ಲಿ ಹುಟ್ಟಿ ಇಲ್ಲಿ ಓದುತ್ತಿದ್ದ ಆ ಹುಡುಗಿ ರೋಟರ‍್ಯಾಕ್ಟ್ ಕ್ಲಬ್ಬಿನವಳು. ಅಂಥ ಕ್ಲಬ್ಬುಗಳ ಬಗ್ಗೆ, ಅವು ಬೇರುಬಿಟ್ಟಿರುವ ದ್ವೀಪಗಳ ಬಗ್ಗೆ ಈ ಸಂಚಿಕೆಯಲ್ಲಿ ನಿಮಗೆ ಹೇಳೋಣ ಅಂದುಕೊಂಡಿದ್ದೇನೆ.

ಸಮಾಜಸೇವೆ ಮಾಡುವ ರೋಟರಿ ಸಂಸ್ಥೆಯ ಎಳೆಯರ ಕ್ಲಬ್ಬೇ ರೋಟರ‍್ಯಾಕ್ಟ್. ರೋಟರಿ ಅನ್ನುವ ಹೆಸರು ಹೇಗೆ ಬಂತೆಂದು ಮೊದಲು ಕೇಳಿ. 1905ರಲ್ಲಿ ಶಿಕಾಗೋದ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಗೆಳೆಯರ ಜೊತೆ ಕೂಟ ಕಟ್ಟಿದರು. ಈ ವಾರ ಒಬ್ಬರ ಆಫೀಸಿನಲ್ಲಿ, ಮುಂದಿನ ಸಲ ಇನ್ನೊಬ್ಬರ ಆಫೀಸಿನಲ್ಲಿ ಸರದಿಯಂತೆ ಸೇರುತ್ತಿದ್ದುದರಿಂದ ಆ ಹೆಸರು ಬಂತು. ನಮ್ಮ ಕನ್ನಡ ಕೂಟದ ಭಜನೆ ಒಂದು ತಿಂಗಳು ನಿಮ್ಮ ಮನೆ, ಮುಂದಿನ ತಿಂಗಳು ನಮ್ಮ ಮನೆ ಅಂತ ಸುತ್ತುತ್ತದಲ್ಲ, ಹಾಗೆಯೇ. ಮುಂದೆ 1968ರಲ್ಲಿ ನಾರ್ತ್ ಕ್ಯಾರೊಲೈನಾದ ಶಾರ್ಲೆಟ್‌ನಲ್ಲಿ ಹದಿನೆಂಟು ದಾಟಿದವರಿಗಾಗಿ ಮೊದಲ ರೋಟರ‍್ಯಾಕ್ಟ್ ಕ್ಲಬ್ ಹುಟ್ಟಿತು. ಮೂವತ್ತಾದ ಮೇಲೆ ಬಿಡಬೇಕೆಂಬ ನಿಯಮ ಬಹುಕಾಲ ಇತ್ತು, 2020ರಲ್ಲಿ ತೆಗೆದರು. ನಿಮ್ಮ ವಯಸ್ಸಿನವರಿಗೆ, ಅಂದರೆ ಹನ್ನೆರಡರಿಂದ ಹದಿನೆಂಟರವರಿಗೆ, ಇಂಟರ‍್ಯಾಕ್ಟ್ ಇದೆ, ಅದು 1962ರದು. ಲಯನ್ಸ್‌ನವರ ಲಿಯೊ ಕ್ಲಬ್, ಕಿವಾನಿಸ್‌ನವರ ಕೀ ಕ್ಲಬ್ ಕೂಡ ಇದೇ ಜಾತಿಯವು. ನಿಮ್ಮಲ್ಲಿ ಕೆಲವರ ಶಾಲೆಯಲ್ಲೇ ಕೀ ಕ್ಲಬ್ ಇದ್ದೀತು.

ರೋಟರಿಯವರಿಗೂ ಜಿಲ್ಲೆಗಳಿವೆ, ನಂಬರ್ ಹಾಕಿದ ಜಿಲ್ಲೆಗಳು. ನಮ್ಮ ಮೈಸೂರು, ಮಂಗಳೂರು 3181ಕ್ಕೆ ಸೇರುತ್ತವೆ. ಅಲ್ಲಿ ಒಂದು ಕ್ಲಬ್ಬಿನಿಂದ ಇನ್ನೊಂದಕ್ಕೆ ಹೋಗಲು ಬಸ್ಸು ಸಾಕು. ಕೆರಿಬಿಯನ್ನಿನ 7030ನೇ ಜಿಲ್ಲೆಯನ್ನು ಭೂಪಟದಲ್ಲಿ ಬೆರಳಿಟ್ಟು ಹುಡುಕಿ: ಆಂಟಿಗುವಾ, ಡೊಮಿನಿಕಾ, ಬಾರ್ಬಡೋಸ್, ಗ್ರೆನಡಾ, ಟ್ರಿನಿಡಾಡ್, ಅಲ್ಲಿಂದ ಕೆಳಗೆ ದಕ್ಷಿಣ ಅಮೆರಿಕದ ನೆಲದ ಮೇಲಿರುವ ಗಯಾನಾ, ಸುರಿನಾಮ್. ಒಂದು ಕಡೆ ಇಂಗ್ಲಿಷ್, ಒಂದು ಕಡೆ ಫ್ರೆಂಚ್, ಇನ್ನೊಂದು ಕಡೆ ಡಚ್. ಮೇಲಿನ 7020ರಲ್ಲಿ ಜಮೈಕಾ, ಹೈಟಿ, ಕೇಮನ್, ವರ್ಜಿನ್ ದ್ವೀಪಗಳು. ಜಿಲ್ಲೆ ಅನ್ನುವುದಕ್ಕಿಂತ ಅದನ್ನು ಕಡಲು ಅನ್ನುವುದೇ ಸರಿ, ನಡುವೆ ಅಲ್ಲಲ್ಲಿ ಒಂದಿಷ್ಟು ನೆಲ! ಜಿಲ್ಲಾ ಸಮ್ಮೇಳನಕ್ಕೆ ಹೊರಡಬೇಕಾದರೆ ಪಾಸ್‌ಪೋರ್ಟ್ ಹುಡುಕಬೇಕು.

ಆದರೂ ಇವರು ಒಬ್ಬರನ್ನೊಬ್ಬರು ಬಿಡುವುದಿಲ್ಲ. ಯಾಕೆಂದು ತಿಳಿಯಬೇಕಾದರೆ ಕ್ಲಬ್ಬುಗಳಿಗಿಂತ ಹಿಂದಕ್ಕೆ ಹೋಗಬೇಕು. ಅದಕ್ಕೂ ಮುಂಚೆ ಒಂದು ಕನ್ನಡ ಪದ.

ಮುಯ್ಯಿ. ನಮ್ಮ ಅಜ್ಜಿಯ ಊರಲ್ಲಿ ಭತ್ತದ ನಾಟಿ ಬಂತೆಂದರೆ ಇವತ್ತು ಎಲ್ಲರೂ ಒಬ್ಬರ ಗದ್ದೆಗೆ ಇಳಿಯುವರು, ನಾಳೆ ಪಕ್ಕದವರ ಗದ್ದೆಗೆ. ಕೂಲಿ ಇಲ್ಲ. ಗದ್ದೆಯವರು ಊಟ ಹಾಕುವರು. ನೀನು ನನಗೆ ಒಂದು ದಿನ ದುಡಿದರೆ ನಾನು ನಿನಗೆ ಒಂದು ದಿನ ದುಡಿಯಬೇಕು. ಹೀಗೆ ಬಂದವರು ಮುಯ್ಯಾಳುಗಳು. ಲೆಕ್ಕವನ್ನು ಯಾರೂ ಬರೆದಿಡುತ್ತಿರಲಿಲ್ಲ, ಯಾರೂ ಮರೆಯುತ್ತಲೂ ಇರಲಿಲ್ಲ. ಸೇಡು ತೀರಿಸುವುದಕ್ಕೂ ‘ಮುಯ್ಯಿ ತೀರಿಸುವುದು’ ಅನ್ನುತ್ತೇವಲ್ಲ, ಆ ಮಾತು ಬೇರೆ, ಅದನ್ನು ಇಲ್ಲಿ ತರಬೇಡಿ.

ಕೆರಿಬಿಯನ್ ದ್ವೀಪಗಳ ಹೆಚ್ಚಿನ ಜನರ ಪೂರ್ವಜರು ಆಫ್ರಿಕಾದಿಂದ ಗುಲಾಮರಾಗಿ ಕಬ್ಬಿನ ತೋಟಗಳಿಗೆ ಸಾಗಿಸಲ್ಪಟ್ಟವರು. ಬ್ರಿಟಿಷರ ದ್ವೀಪಗಳಲ್ಲಿ ಗುಲಾಮಗಿರಿಯನ್ನು 1834ರಲ್ಲಿ ರದ್ದು ಮಾಡಿದರೂ ಪೂರ್ತಿ ಬಿಡುಗಡೆ ಸಿಕ್ಕಿದ್ದು 1838ರಲ್ಲಿ. ಬಿಡುಗಡೆಯಾದವರ ಕೈಗೆ ಒಂದು ಕಾಸೂ ಬರಲಿಲ್ಲ. ಪರಿಹಾರದ ದುಡ್ಡು ಹೋದದ್ದು ಗುಲಾಮರನ್ನು ಇಟ್ಟುಕೊಂಡಿದ್ದ ಒಡೆಯರಿಗೆ! (ಇದನ್ನು ಮೊದಲ ಸಲ ಓದಿದಾಗ ಅಚ್ಚಿನ ತಪ್ಪೇನೋ ಅಂದುಕೊಂಡೆ. ಅಲ್ಲ.) ದುಡ್ಡಿಲ್ಲದವರ ಹತ್ತಿರ ಉಳಿದದ್ದು ಕೈಗಳು. ಮನೆ ಎಬ್ಬಿಸಬೇಕೆ, ಕಾಡು ಕಡಿದು ಗೆಣಸು ನೆಡಬೇಕೆ, ಬಂದವರಿಗೆ ಅಡುಗೆ ಮಾಡಿಟ್ಟು ಅಕ್ಕಪಕ್ಕದವರನ್ನು ಕರೆಯುವುದು. ಡೊಮಿನಿಕಾ, ಸೇಂಟ್ ಲೂಷಿಯಾಗಳಲ್ಲಿ ಇದರ ಹೆಸರು ಕುದ್‌ಮೆ. ಫ್ರೆಂಚಿನಲ್ಲಿ ಕೈಕೊಡುವುದು, ಅಂದರೆ ನೆರವಾಗುವುದು, ಎಂಬ ಮಾತಿನಿಂದ ಬಂದದ್ದು. (ಕನ್ನಡದಲ್ಲಿ ಕೈಕೊಟ್ಟರೆ ಅರ್ಥ ತಿರುಗುಮುರುಗು, ಅದನ್ನು ನಿಮ್ಮ ಅಪ್ಪ ಅಮ್ಮನನ್ನು ಕೇಳಿ.) ಹೈಟಿಯಲ್ಲಿ ಕೊಂಬಿತ್. ಟ್ರಿನಿಡಾಡ್‌ನಲ್ಲಿ ಗಯಾಪ್. ಗ್ರೆನಡಾಕ್ಕೆ ಸೇರಿದ ಕಾರಿಯಾಕು ಎಂಬ ಪುಟ್ಟ ದ್ವೀಪದಲ್ಲಿ ಮರೂನ್. ಅಲ್ಲಿ ಇವತ್ತಿಗೂ ದೊಡ್ಡ ದೊಡ್ಡ ಹಂಡೆಗಳಲ್ಲಿ ಅಡುಗೆ ಬೇಯಿಸಿ ಊರಿಗೆಲ್ಲ ಬಡಿಸುತ್ತಾರೆ. ಜಮೈಕಾದ ರೈತರ ಮಾತಂತೂ ನಮ್ಮ ಮುಯ್ಯಿಯ ನೇರ ಅನುವಾದದ ಹಾಗಿದೆ: ಡೇ ಫಾರ್ ಡೇ. ದಿನಕ್ಕೆ ದಿನ.

ದುಡ್ಡಿನಲ್ಲೂ ಇದೇ ಪದ್ಧತಿ. ಹತ್ತು ಜನ ವಾರವಾರ ಇಷ್ಟಿಷ್ಟು ಹಾಕಿ, ಕೂಡಿದ್ದನ್ನು ಸರದಿಯಂತೆ ಒಬ್ಬೊಬ್ಬರು ಎತ್ತುವುದಕ್ಕೆ ಟ್ರಿನಿಡಾಡ್‌ನವರು ಸೂಸು ಅನ್ನುತ್ತಾರೆ. ಪಶ್ಚಿಮ ಆಫ್ರಿಕಾದ ಯೊರುಬಾ ಜನರ ‘ಎಸೂಸು’ವಿನಿಂದ ಬಂದ ಪದ. ನಮ್ಮ ಚೀಟಿ! ಚೀಟಿ ಹಾಕುವ ಅತ್ತೆ ಒಬ್ಬರಾದರೂ ಇಲ್ಲದ ಕನ್ನಡ ಮನೆ ನಾನು ನೋಡಿಲ್ಲ.

ಜಮೈಕಾದಲ್ಲಿ ಈ ಕೂಡಿ ದುಡಿಯುವುದಕ್ಕೆ ಇಡೀ ದೇಶಕ್ಕೆ ಒಂದು ದಿನವೇ ಇದೆ. ಪ್ರತಿ ಮೇ 23 ಅಲ್ಲಿ ಕಾರ್ಮಿಕರ ದಿನ. 1938ರಲ್ಲಿ ಕೂಲಿಗಾಗಿ ಎದ್ದು ನಿಂತ ಕಾರ್ಮಿಕರ ನೆನಪಿಗೆ 1961ರಿಂದ ನಡೆದುಬಂದ ರಜೆ. 1972ರಲ್ಲಿ ಪ್ರಧಾನಿ ಮೈಕಲ್ ಮ್ಯಾನ್ಲಿ ಅದನ್ನು ತಿರುಗಿಸಿ ಹಾಕಿದರು: ಕಾರ್ಮಿಕರ ದಿನ ಮಲಗುವುದು ಬೇಡ, ಎಲ್ಲರೂ ಸೇರಿ ಊರಿನ ಕೆಲಸ ಮಾಡೋಣ. ಅಂದಿನಿಂದ ಮೇ 23 ಬಂತೆಂದರೆ ಬಣ್ಣದ ಡಬ್ಬಿ, ಕುಂಚ, ಗುದ್ದಲಿ ಹೊರಬೀಳುತ್ತವೆ. ಶಾಲೆಯ ಗೋಡೆ, ವೃದ್ಧಾಶ್ರಮದ ಬೇಲಿ, ರಸ್ತೆ ದಾಟುವ ಬಿಳಿ ಪಟ್ಟೆ. ಕ್ಲಬ್ಬುಗಳ ಹುಡುಗರಿಗೆ ಅದು ಹಬ್ಬದ ದಿನ. ರಜೆಯ ದಿನ ಬೆಳಿಗ್ಗೆ ಆರಕ್ಕೆ ಎದ್ದು ಬೇರೆಯವರ ಶಾಲೆಗೆ ಬಣ್ಣ ಬಳಿಯುವುದೇ ಅಂತ ನೀವು ಹುಬ್ಬೇರಿಸುವುದು ನನಗೆ ಕಾಣುತ್ತಿದೆ. ಬಣ್ಣ ಬಳಿಯುವುದಕ್ಕಿಂತ ಒಬ್ಬರ ಮೂಗಿಗೆ ಒಬ್ಬರು ಬಳಿದುಕೊಳ್ಳುವುದೇ ಜಾಸ್ತಿ ಎಂದು ಆ ಹುಡುಗಿ ಆಮೇಲೊಮ್ಮೆ ಹೇಳಿದಳು.

ಬಿರುಗಾಳಿಯ ಮಾತಿಗೆ ಬರುತ್ತೇನೆ. ಜೂನ್‌ನಿಂದ ನವೆಂಬರ್‌ವರೆಗೆ ಆ ಕಡಲಲ್ಲಿ ಚಂಡಮಾರುತದ ಕಾಲ. ಯಾವ ವರ್ಷ ಯಾವ ದ್ವೀಪದ ಸರದಿ ಎಂದು ಯಾರಿಗೂ ಗೊತ್ತಿಲ್ಲ. 2017ರ ಸೆಪ್ಟೆಂಬರ್ 6ರಂದು ಇರ್ಮಾ ಎಂಬ ಚಂಡಮಾರುತ ಬಾರ್ಬುಡಾ ದ್ವೀಪವನ್ನು ಎಷ್ಟು ಹಾಳು ಮಾಡಿತೆಂದರೆ ಅಲ್ಲಿದ್ದ ಎಲ್ಲರನ್ನೂ, ಸಾವಿರದ ಆರುನೂರಕ್ಕೂ ಹೆಚ್ಚು ಜನರನ್ನು, ಪಕ್ಕದ ಆಂಟಿಗುವಾಕ್ಕೆ ಕರೆದೊಯ್ಯಬೇಕಾಯಿತು. ದ್ವೀಪ ಖಾಲಿ. ಹನ್ನೆರಡು ದಿನ ಬಿಟ್ಟು ಮಾರಿಯಾ ಡೊಮಿನಿಕಾಕ್ಕೆ ಬಂತು. ಆ ರಾತ್ರಿ ಪ್ರಧಾನಿ ರೂಸ್‌ವೆಲ್ಟ್ ಸ್ಕೆರಿಟ್ ಅವರ ಮನೆಯ ಮಾಡೇ ಹಾರಿಹೋಯಿತು. 2021ರ ಏಪ್ರಿಲ್ 9ರಂದು ಸೇಂಟ್ ವಿನ್ಸೆಂಟ್‌ನ ಲಾ ಸೂಫ್ರಿಯೇರ್ ಜ್ವಾಲಾಮುಖಿ ಸಿಡಿದಾಗ ಬೂದಿ ನೂರೈವತ್ತು ಕಿಲೋಮೀಟರಿಗೂ ಆಚೆಯ ಬಾರ್ಬಡೋಸ್ ಮೇಲೆ ಸುರಿದು ಅಲ್ಲಿಯೂ ಹಗಲು ಕತ್ತಲಾಯಿತು. 2024ರ ಜುಲೈ 1ರಂದು ಬೆರಿಲ್ ಚಂಡಮಾರುತ ಕಾರಿಯಾಕು ದ್ವೀಪದ ಮನೆಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚನ್ನು ಕೆಡವಿತು ಅಥವಾ ಮುರಿಯಿತು. ಹಂಡೆಗಳಲ್ಲಿ ಅಡುಗೆ ಮಾಡುತ್ತಾರೆ ಅಂದೆನಲ್ಲ, ಅದೇ ದ್ವೀಪ.

ಗ್ರೆನಡಾದ ಕತೆ ನಿಮ್ಮ ಅಡುಗೆಮನೆಗೂ ಸಂಬಂಧಪಟ್ಟದ್ದು. ಹಬ್ಬದ ಸಿಹಿಗೆ ಅಮ್ಮ ಒಂದು ಚೂರು ತುರಿದು ಹಾಕುವ ಜಾಯಿಕಾಯಿ ಇದೆಯಲ್ಲ, ಅದನ್ನು ಬೆಳೆಯುವುದರಲ್ಲಿ ಇಂಡೊನೇಷ್ಯಾ ಬಿಟ್ಟರೆ ಗ್ರೆನಡಾವೇ ಮುಂದಿತ್ತು. ಅವರ ಬಾವುಟದಲ್ಲೇ ಜಾಯಿಕಾಯಿ ಇದೆ. 2004ರ ಸೆಪ್ಟೆಂಬರ್‌ನಲ್ಲಿ ಐವನ್ ಎಂಬ ಚಂಡಮಾರುತ ಆ ಮರಗಳನ್ನು ಬೇರುಸಮೇತ ಕಿತ್ತಿತು. ಜಾಯಿಕಾಯಿ ಸಸಿ ನೆಟ್ಟರೆ ಕಾಯಿ ಬಿಡಲು ಏಳೆಂಟು ವರ್ಷ ಬೇಕು. ಮನೆಯ ಮಾಡು ಮತ್ತೆ ಹೊದಿಸಬಹುದು, ಮರಕ್ಕೆ ಕಾಯಲೇಬೇಕು.

ಇಂಥ ಹೊತ್ತಿನಲ್ಲಿ ಪಕ್ಕದ ದ್ವೀಪದ ಕ್ಲಬ್ಬುಗಳ ಹುಡುಗರು ಮಾಡುವ ಕೆಲಸ ಸಿನಿಮಾದ ಹಾಗಿರುವುದಿಲ್ಲ. ಗೋದಾಮಿನಲ್ಲಿ ಕೂತು ಸಾಮಾನು ಬೇರ್ಪಡಿಸುವುದು, ಡಬ್ಬಿಯ ಮೇಲಿನ ದಿನಾಂಕ ನೋಡುವುದು, ನೀರಿನ ಪೆಟ್ಟಿಗೆ ದೋಣಿಗೆ ಏರಿಸುವುದು, ಶಾಲೆ ಮತ್ತೆ ತೆರೆಯುವ ಹೊತ್ತಿಗೆ ಪಟ್ಟಿ, ಪೆನ್ಸಿಲ್, ಚೀಲ ಜೋಡಿಸಿಡುವುದು. ಅಂಥ ಗೋದಾಮಿನಲ್ಲಿ ಅತಿ ಹೆಚ್ಚು ಹೊತ್ತು ತಿನ್ನುವುದು ಯಾವುದು ಗೊತ್ತೆ? ನನ್ನಂಥವರು ಕಳಿಸಿದ ಹಳೆಯ ಬಟ್ಟೆ. ಬೇಡದ ಸಾಮಾನಿನ ಈ ರಾಶಿಯನ್ನು ಪರಿಹಾರದ ಕೆಲಸ ಬಲ್ಲವರು ಎರಡನೆಯ ವಿಪತ್ತು ಅನ್ನುತ್ತಾರೆ. ಅವತ್ತು ಆ ಹುಡುಗಿ ಬೈಯದೆ ಬಿಟ್ಟದ್ದು ದೊಡ್ಡತನ.

ಗಾಳಿ ಇಲ್ಲದ ದಿನಗಳಲ್ಲಿ ಕಡಲತೀರದ ಕಸ. ಸೆಪ್ಟೆಂಬರ್ ಮೂರನೆಯ ಶನಿವಾರ ಜಗತ್ತಿನ ಬಹಳ ಕಡೆ ತೀರ ಶುಚಿಮಾಡುವ ದಿನ, 1986ರಲ್ಲಿ ಶುರುವಾದದ್ದು. ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ ಬಂದರನ್ನು ಅಪ್ಪಿಕೊಂಡ ಹಾಗೆ ಪಾಲಿಸೇಡೋಸ್ ಎಂಬ ಉದ್ದನೆಯ ಮರಳಿನ ದಂಡೆಯಿದೆ, ವಿಮಾನ ನಿಲ್ದಾಣಕ್ಕೆ ಹೋಗುವ ದಾರಿ ಅದರ ಮೇಲೆಯೇ. ಊರಿನ ಮೋರಿಗಳ ಪ್ಲಾಸ್ಟಿಕ್ಕೆಲ್ಲ ಮಳೆಯಲ್ಲಿ ತೇಲಿ ಬಂದು ಅಲ್ಲಿನ ಕಾಂಡ್ಲಾ ಗಿಡಗಳ ಬೇರಿಗೆ ಸಿಕ್ಕಿಕೊಳ್ಳುತ್ತದೆ. ಹುಡುಗರು ಅದನ್ನು ಹೆಕ್ಕುವುದಷ್ಟೇ ಅಲ್ಲ, ಎಣಿಸುತ್ತಾರೆ. ಬಾಟಲಿ ಎಷ್ಟು, ಮುಚ್ಚಳ ಎಷ್ಟು, ಸ್ಟ್ರಾ ಎಷ್ಟು ಎಂದು ಕಾರ್ಡಿನ ಮೇಲೆ ಗೆರೆ ಎಳೆಯುತ್ತಾರೆ. ನನಗೆ ಈ ಎಣಿಕೆ ತುಂಬ ಹಿಡಿಸಿತು. ‘ಬಹಳ ಕಸ ಇತ್ತು’ ಅಂದರೆ ಯಾರೂ ಕಿವಿಗೊಡುವುದಿಲ್ಲ. ಇಂಥ ತೀರದಲ್ಲಿ ಇಷ್ಟು ಸಾವಿರ ಬಾಟಲಿ ಅಂದರೆ ಮಂತ್ರಿಯೂ ತಿರುಗಿ ನೋಡಬೇಕಾಗುತ್ತದೆ.

ಇನ್ನು ಗೆಳೆತನ. ರೋಟರ‍್ಯಾಕ್ಟ್‌ನವರ ಧ್ಯೇಯದಲ್ಲೇ ಸೇವೆಯ ಮೂಲಕ ಸ್ನೇಹ ಎಂಬ ಮಾತಿದೆ. ಕ್ಲಬ್ಬಿನ ಅಧ್ಯಕ್ಷಗಿರಿ ಒಂದೇ ವರ್ಷ, ಜುಲೈನಿಂದ ಜೂನ್‌ವರೆಗೆ. ಆಮೇಲೆ ಇಳಿದು ಕುರ್ಚಿ ಜೋಡಿಸಲು ಹೋಗಬೇಕು. (ನಮ್ಮ ಕೂಟದ ಹಿರಿಯರು ಈ ಸಾಲನ್ನು ಎರಡು ಸಲ ಓದಬೇಕಾಗಿ ವಿನಂತಿ.) ಒಂದು ಕ್ಲಬ್ಬಿನವರು ಇನ್ನೊಂದಕ್ಕೆ ಹೋದಾಗ ಪುಟ್ಟ ಬಾವುಟ ಕೊಟ್ಟು ಅವರ ಬಾವುಟ ತರುತ್ತಾರೆ. ಟ್ರಿನಿಡಾಡ್‌ಗೆ ಹೋದವರಿಗೆ ದಾಲ್‌ಪುರಿ ಸಿಕ್ಕೇ ಸಿಗುತ್ತದೆ. 1845ರಿಂದ ಭಾರತದ ಕೂಲಿಗಳನ್ನು ಅಲ್ಲಿನ ಕಬ್ಬಿನ ತೋಟಗಳಿಗೆ ಹಡಗಿನಲ್ಲಿ ತಂದರು, ಅವರ ಜೊತೆ ಬಂದ ತಿಂಡಿ ಅದು: ಬೇಳೆಯ ಹೂರಣ ತುಂಬಿ ಲಟ್ಟಿಸಿದ ರೊಟ್ಟಿ. ಬೆಲ್ಲದ ಬದಲು ಜೀರಿಗೆ, ಖಾರ. ನಮ್ಮ ಹೋಳಿಗೆಯ ಜಗಳಗಂಟಿ ಅಕ್ಕ ಅನ್ನಬಹುದು.

ನಿಮ್ಮ ಅಪ್ಪಂದಿರಿಗೆ ವೆಸ್ಟ್ ಇಂಡೀಸ್ ಅಂದರೆ ಕ್ರಿಕೆಟ್. ಆ ಹೆಸರಿನ ದೇಶ ಯಾವ ಭೂಪಟದಲ್ಲೂ ಇಲ್ಲ. ಹತ್ತಾರು ದ್ವೀಪಗಳು ಸೇರಿ ಕಟ್ಟಿದ ತಂಡ ಅದು. ಆಂಟಿಗುವಾದ ವಿವ್ ರಿಚರ್ಡ್ಸ್, ಬಾರ್ಬಡೋಸ್‌ನ ಗಾರ್ಡನ್ ಗ್ರೀನಿಜ್ ಇಬ್ಬರೂ ಮೊದಲ ಟೆಸ್ಟ್ ಆಡಿದ್ದು ನಮ್ಮ ಬೆಂಗಳೂರಿನಲ್ಲಿ, 1974ರ ನವೆಂಬರ್‌ನಲ್ಲಿ. ಗ್ರೀನಿಜ್ ಶತಕ ಹೊಡೆದರು. ರಿಚರ್ಡ್ಸ್ ಅವರನ್ನು ನಮ್ಮ ಬಿ.ಎಸ್. ಚಂದ್ರಶೇಖರ್ ಎರಡೂ ಸಲ ಐದು ರನ್ನಿನೊಳಗೇ ಮನೆಗೆ ಕಳಿಸಿದರು. ಅದೇ ಆಂಟಿಗುವಾದಲ್ಲಿ ಈಗ ಮಣಿಪಾಲದವರ ವೈದ್ಯಕೀಯ ಕಾಲೇಜಿದೆ. ಡಾಕ್ಟರಾಗುವೆ ಅನ್ನುವ ನಿಮ್ಮಲ್ಲಿ ಯಾರಾದರೂ ಮುಂದೊಂದು ದಿನ ಅಲ್ಲಿಗೆ ಹೋದರೆ, ಊರಲ್ಲಿ ಯಾವ ಕ್ಲಬ್ ಯಾವಾಗ ಸೇರುತ್ತದೆಂದು ಮೊದಲ ವಾರವೇ ವಿಚಾರಿಸಿ.

ಕೆನಡಾದ ಒಂಟಾರಿಯೊದಲ್ಲಿರುವ ನನ್ನ ಸೋದರಳಿಯ ಹೈಸ್ಕೂಲು ಮುಗಿಸಲು 40 ಗಂಟೆ ಸಮುದಾಯ ಸೇವೆ ತೋರಿಸಬೇಕು. ಮೂವತ್ತೊಂಬತ್ತೂವರೆ ಆಯಿತು, ಇನ್ನರ್ಧ ಗಂಟೆಗೆ ಎಲ್ಲಿ ಹೋಗಲಿ ಎಂದು ಫೋನಿನಲ್ಲಿ ಕೇಳಿದ. ನಾನು ಅವನಿಗೆ ಮುಯ್ಯಿಯ ಕತೆ ಶುರುಮಾಡಿದೆ. ಫೋನಿಟ್ಟ.

ಇರಲಿ. ಸೆಪ್ಟೆಂಬರ್ ಮೂರನೆಯ ಶನಿವಾರ ಬೆಳಿಗ್ಗೆ ಏಳಕ್ಕೆ ನಾನಂತೂ ಇಲ್ಲಿನ ಕಡಲತೀರದಲ್ಲಿ ಇರುತ್ತೇನೆ. ಆ ಹುಡುಗಿಯೂ ಬರುತ್ತಾಳೆ. ಈಗ ಅವಳಿಗೆ ಕೆಲಸ ಸಿಕ್ಕಿದೆ, ಎಣಿಸುವ ಕಾರ್ಡು ತರುವುದು ಅವಳ ಪಾಲು. ಕೈಗವಸು ನನ್ನ ಹತ್ತಿರ ಇವೆ, ಇಡ್ಲಿಯೂ ಇರುತ್ತದೆ. ಟೋಪಿ, ನೀರಿನ ಬಾಟಲಿ ನೀವು ತನ್ನಿ. ಸ್ವೆಟರ್ ಬೇಡ.