ರಕ್ತ ನಿಲ್ಲುವ ಹೊತ್ತನ್ನು ಎಣಿಸಿದ ವೈದ್ಯ

ಹಿಮೋಫೀಲಿಯಾ ಬಗ್ಗೆ ನಾವೆಲ್ಲ ಹೈಸ್ಕೂಲಿನಲ್ಲೇ ಓದಿದ್ದೇವೆ. ಅದು ಹೆಚ್ಚಾಗಿ ಗಂಡುಮಕ್ಕಳಿಗೆ ಬರುವ ಕಾಯಿಲೆ. ಹೆಣ್ಣುಮಕ್ಕಳನ್ನೂ ಅಷ್ಟೇ ಕಾಡುವ ಇನ್ನೊಂದು ರಕ್ತಸ್ರಾವದ ಕಾಯಿಲೆಯನ್ನು ಗುರುತಿಸಿದವರು ಫಿನ್‌ಲೆಂಡಿನ ಎರಿಕ್ ವಾನ್ ವಿಲೆಬ್ರಾಂಡ್.

ಅವರು ಹುಟ್ಟಿದ್ದು 1870ರಲ್ಲಿ, ವಾಸಾ ಪಟ್ಟಣದಲ್ಲಿ. ತಂದೆ ಎಂಜಿನಿಯರ್. ಹುಡುಗನಿಗೆ ಗಿಡ, ಚಿಟ್ಟೆ, ಹಕ್ಕಿಗಳ ಹುಚ್ಚು. ವೈದ್ಯರಾದ ಮೇಲೆ ಹೆಲ್ಸಿಂಕಿಯ ಡೀಕನೆಸ್ ಆಸ್ಪತ್ರೆಯಲ್ಲಿ ಬಹಳ ವರ್ಷ ದುಡಿದರು.

1924ರಲ್ಲಿ ಆಲಂಡ್ ದ್ವೀಪಗಳಿಂದ 5 ವರ್ಷದ ಒಬ್ಬ ಹುಡುಗಿಯನ್ನು ಅವರ ಬಳಿಗೆ ಕರೆತಂದರು. ಆಕೆಯ ಅಕ್ಕತಂಗಿಯರಲ್ಲಿ ಕೆಲವರು ರಕ್ತ ನಿಲ್ಲದೆಯೇ ತೀರಿಕೊಂಡಿದ್ದರು. ವಿಲೆಬ್ರಾಂಡ್ ಪ್ಲೇಟ್‌ಲೆಟ್ ಎಣಿಸಿದರು, ಸರಿಯಾಗಿತ್ತು. ರಕ್ತ ಹೆಪ್ಪುಗಟ್ಟುವ ಸಮಯ ನೋಡಿದರು, ಅದೂ ಹೆಚ್ಚುಕಡಿಮೆ ಸರಿ. ಉಳಿದದ್ದು ರಕ್ತಸ್ರಾವ ಕಾಲದ ಪರೀಕ್ಷೆ. ಅಮೆರಿಕದ ವಿಲಿಯಂ ಡ್ಯೂಕ್ 1910ರಲ್ಲಿ ಪ್ರಕಟಿಸಿದ್ದ ವಿಧಾನವದು: ಕಿವಿಯ ಹಾಲೆಗೆ ಸಣ್ಣದಾಗಿ ಚುಚ್ಚಿ, ಅರ್ಧ ನಿಮಿಷಕ್ಕೊಮ್ಮೆ ಶೋಧಕ ಕಾಗದ ಒತ್ತುತ್ತಾ ಹೋಗುವುದು. ಆರೋಗ್ಯವಂತರಲ್ಲಿ ಕೆಲವೇ ನಿಮಿಷಗಳಲ್ಲಿ ಕಲೆ ಮಾಯ. ಈ ಹುಡುಗಿಯಲ್ಲಿ ನಿಲ್ಲಲೇ ಇಲ್ಲವೆನ್ನುವಷ್ಟು ಹೊತ್ತು ರಕ್ತ ಜಿನುಗಿತು. ಒಂದೊಂದೇ ಭಾಗವನ್ನು ಪರೀಕ್ಷಿಸಿ ಪಕ್ಕಕ್ಕಿಡುತ್ತಾ ತಪ್ಪಿರುವ ಜಾಗಕ್ಕೆ ಬರುವುದು ಸಾಫ್ಟ್‌ವೇರ್‌ನವರಾದ ನಮ್ಮ ನಿತ್ಯದ ಕೆಲಸ. ಅದಕ್ಕೇ ಏನೋ, ಈ ಭಾಗ ನನಗೆ ಬಹಳ ಇಷ್ಟ.

ಅವರು ಅಲ್ಲಿಗೇ ಬಿಡಲಿಲ್ಲ. ಕುಟುಂಬದ 66 ಮಂದಿಯ ವಿವರ ಕಲೆಹಾಕಿದರು. 23 ಮಂದಿಗೆ ರಕ್ತಸ್ರಾವದ ತೊಂದರೆಯಿತ್ತು, ಹೆಂಗಸರೂ ಗಂಡಸರೂ ಸೇರಿ. ಇದು ಹಿಮೋಫೀಲಿಯಾ ಅಲ್ಲ ಎಂದು 1926ರಲ್ಲಿ ಸ್ವೀಡಿಷ್ ಭಾಷೆಯಲ್ಲಿ ಪ್ರಕಟಿಸಿದರು. ಆ ಹುಡುಗಿ ಮಾತ್ರ ಬದುಕಲಿಲ್ಲ. 13ನೇ ವಯಸ್ಸಿನಲ್ಲಿ, ಮುಟ್ಟಿನ ರಕ್ತಸ್ರಾವ ನಿಲ್ಲದೆ ತೀರಿಕೊಂಡಳು.

ಆ ಸಾಲು ಓದಿದಾಗ ನನ್ನ ತಂಗಿ ನೆನಪಾದಳು. ಅವಳು ಹೈಸ್ಕೂಲಿನಲ್ಲಿದ್ದಾಗ ಪ್ರತಿ ತಿಂಗಳು ಹಲವು ದಿನ ರಜೆ ಹಾಕುತ್ತಿದ್ದಳು. ಹೆಣ್ಣುಮಕ್ಕಳಿಗೆ ಇದೆಲ್ಲ ಇದ್ದದ್ದೇ ಎಂದು ಮನೆಯಲ್ಲಿ ಸುಮ್ಮನಿದ್ದರು. ಹೆರಿಗೆಯಾದ ಮೇಲೆ ರಕ್ತ ನಿಲ್ಲದೆ ಬಾಟಲಿಗಟ್ಟಲೆ ರಕ್ತ ಕೊಡಬೇಕಾಗಿ ಬಂತು. ಕಾಯಿಲೆಯ ಹೆಸರು ನಮಗೆ ತಿಳಿದದ್ದು ಆಗ. ಈಗ ಚೆನ್ನಾಗಿದ್ದಾಳೆ.

ದೋಷ ಪ್ಲೇಟ್‌ಲೆಟ್‌ನಲ್ಲೂ ರಕ್ತನಾಳದ ಗೋಡೆಯಲ್ಲೂ ಇದೆಯೆಂದು ವಿಲೆಬ್ರಾಂಡ್ ಭಾವಿಸಿದ್ದರು. 1949ರಲ್ಲಿ ಅವರು ತೀರಿಕೊಂಡರು. 1950ರ ದಶಕದಲ್ಲಿ ಸ್ವೀಡನ್ನಿನ ಸಂಶೋಧಕರು ಆಲಂಡ್‌ನ ರೋಗಿಗಳನ್ನು ಪರೀಕ್ಷಿಸಿದಾಗ, ಕೊರತೆ ಪ್ಲಾಸ್ಮಾದಲ್ಲಿದೆ ಎಂದು ತಿಳಿಯಿತು. ಗಾಯದ ಜಾಗಕ್ಕೆ ಪ್ಲೇಟ್‌ಲೆಟ್‌ಗಳನ್ನು ಅಂಟಿಸುವ ಪ್ರೋಟೀನ್ ಅಲ್ಲಿ ಸಾಲದು. ಕಿವಿ ಚುಚ್ಚುವ ಪರೀಕ್ಷೆ ಈಗ ಬಹುತೇಕ ಬಿಟ್ಟುಹೋಗಿದೆ. ಆ ಪ್ರೋಟೀನನ್ನೇ ನೇರವಾಗಿ ಅಳೆಯುತ್ತಾರೆ, ಅದಕ್ಕೂ ವಿಲೆಬ್ರಾಂಡ್ ಹೆಸರೇ ಇದೆ.